ಹಲವು ಬಾಗಿಲಿಗೆ ಒಂದೇ ರಹದಾರಿ: ಕಾಫಿ ಸೀಮೆಗೆ ಎಷ್ಟು ಅನುಕೂಲ?

ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟವೊಂದರ ಪಹಣಿ ‘ಭೂಮಿ’ಯಲ್ಲಿದೆ. ಅದೇ ತೋಟದ ಋಣಭಾರ ಪತ್ರ ‘ಕಾವೇರಿ’ಯಲ್ಲಿದೆ. ಬೆಳೆಹಾನಿ ಪರಿಹಾರಕ್ಕೂ ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆಗೂ ಬೇಕಾದ ರೈತರ ಗುರುತಿನ ಸಂಖ್ಯೆ ‘ಫ್ರೂಟ್ಸ್’ನಲ್ಲಿದೆ. ಮಕ್ಕಳ ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯ ಜಾಲತಾಣ. ಉಳಿದ ನೂರಾರು ಸೇವೆಗಳಿಗೆ ‘ಸೇವಾ ಸಿಂಧು’. ಮೂಡಿಗೆರೆಯ ಅಥವಾ ಕಳಸದ ಬೆಳೆಗಾರನೊಬ್ಬ ವರ್ಷವೊಂದರಲ್ಲಿ ಇಷ್ಟೂ ಬಾಗಿಲುಗಳನ್ನು ತಟ್ಟಬೇಕಾಗುತ್ತದೆ. ಬಾಗಿಲು ಬೇರೆಯಾದರೂ ಮೊದಲ ಪ್ರಶ್ನೆ ಎಲ್ಲೆಡೆಯೂ ಒಂದೇ: ತಟ್ಟುತ್ತಿರುವವರು ಯಾರು?

ಈ ಪ್ರಶ್ನೆಗೆ ಪ್ರತಿ ಇಲಾಖೆಯೂ ಪ್ರತ್ಯೇಕವಾಗಿ ಉತ್ತರ ಕೇಳುವ ಪದ್ಧತಿ ನಿಧಾನವಾಗಿ ಹಿಂದೆ ಸರಿಯುತ್ತಿದೆ. 2022ರ ಜುಲೈ 4ರಂದು ಗಾಂಧಿನಗರದಲ್ಲಿ ಕೇಂದ್ರ ಸರ್ಕಾರ ‘ಮೇರಿ ಪೆಹಚಾನ್’ ಎಂಬ ರಾಷ್ಟ್ರೀಯ ಏಕ ಪ್ರವೇಶ ವ್ಯವಸ್ಥೆಗೆ ಚಾಲನೆ ನೀಡಿತು. ಡಿಜಿಲಾಕರ್, ಇ-ಪ್ರಮಾಣ್ ಮತ್ತು ಜನ್ ಪರಿಚಯ್ ಎಂಬ ಮೂರು ವ್ಯವಸ್ಥೆಗಳು ಇದರ ಅಡಿಯಲ್ಲಿ ಬಂದವು. ರಾಜ್ಯದ ಸೇವಾ ಸಿಂಧು ಕೂಡ ಹೊಸ ಬಳಕೆದಾರರನ್ನು ನೋಂದಣಿಗಾಗಿ ಇದೇ ದಾರಿಗೆ ಕಳುಹಿಸತೊಡಗಿತು. ಒಮ್ಮೆ ಒಂದು ಕಡೆ ಗುರುತು ಸಾಬೀತುಪಡಿಸಿದರೆ ಉಳಿದ ಬಾಗಿಲುಗಳು ತಾವಾಗಿಯೇ ತೆರೆಯಬೇಕು ಎಂಬುದು ಇದರ ಆಶಯ.

ಆಶಯದ ಬಗ್ಗೆ ತಕರಾರಿಲ್ಲ. ಬೆಂಗಳೂರಿನ ಮೇಜಿನ ಮೇಲೆ ಸರಾಗವಾಗಿ ನಡೆಯುವ ಈ ಏರ್ಪಾಡು ಘಟ್ಟದ ಅಂಚಿನಲ್ಲಿ ಹೇಗೆ ವರ್ತಿಸುತ್ತದೆ ಎಂಬುದು ಮಾತ್ರ ಪರಿಶೀಲಿಸಬೇಕಾದ ಸಂಗತಿ.

ವ್ಯವಸ್ಥೆಯ ತಿರುಳು ಮಲೆನಾಡಿಗರಿಗೆ ಅಪರಿಚಿತವೇನಲ್ಲ. ನಿರ್ಬಂಧಿತ ಜಾತಿಯ ಮರದ ದಿಮ್ಮಿಯನ್ನು ಲಾರಿಯಲ್ಲಿ ಸಾಗಿಸಲು ಅರಣ್ಯ ಇಲಾಖೆಯ ರಹದಾರಿ ಬೇಕು. ಯಾರು ಕೊಟ್ಟದ್ದು, ಯಾರಿಗೆ ಕೊಟ್ಟದ್ದು, ಎಲ್ಲಿಂದ ಎಲ್ಲಿಗೆ, ಯಾವ ದಿನದವರೆಗೆ ಎಂಬುದು ಅದರಲ್ಲಿ ನಮೂದಾಗಿರುತ್ತದೆ. ಕೆಳಗೆ ಸಹಿ, ಮೊಹರು. ದಾರಿಯ ತನಿಖಾ ಠಾಣೆಯಲ್ಲಿರುವ ಕಾವಲುಗಾರ ಪ್ರತಿ ಲಾರಿಗೂ ವಲಯ ಅರಣ್ಯಾಧಿಕಾರಿಗೆ ದೂರವಾಣಿ ಮಾಡುವುದಿಲ್ಲ. ಮೊಹರು ಅಸಲಿಯೇ, ಅವಧಿ ಮುಗಿದಿಲ್ಲವೇ ಎಂದು ನೋಡಿ ಅಡ್ಡಗಂಬ ಎತ್ತುತ್ತಾನೆ.

ಕಂಪ್ಯೂಟರ್ ಪರಿಭಾಷೆಯಲ್ಲಿ ಟೋಕನ್ ಎನ್ನುವುದು ಇಂತಹದೇ ರಹದಾರಿ. ಅರ್ಜಿದಾರ ಸೇವಾ ತಾಣಕ್ಕೆ ಬಂದಾಗ ಆ ತಾಣ ಗುಪ್ತಪದವನ್ನು ತಾನು ಕೇಳುವುದಿಲ್ಲ. ಗುರುತು ನೀಡುವ ಕೇಂದ್ರಕ್ಕೆ ಆತನನ್ನು ದಾಟಿಸುತ್ತದೆ. ಅಲ್ಲಿ ಆತ ಪಿನ್ ಅಥವಾ ಮೊಬೈಲಿಗೆ ಬಂದ ಒಟಿಪಿ ನಮೂದಿಸುತ್ತಾನೆ. ಕೇಂದ್ರ ಆತನ ಕೈಗೊಂದು ಅಲ್ಪಾಯುಷಿ ಸಂಕೇತ ಕೊಟ್ಟು ಹಿಂದಕ್ಕೆ ಕಳುಹಿಸುತ್ತದೆ. ಸೇವಾ ತಾಣ ಆ ಸಂಕೇತವನ್ನು ತೆರೆಮರೆಯಲ್ಲಿ ಕೇಂದ್ರಕ್ಕೆ ಒಪ್ಪಿಸಿ ಟೋಕನ್ ಪಡೆಯುತ್ತದೆ. ಟೋಕನ್ನಿನಲ್ಲಿ ನೀಡಿದವರ ಹೆಸರು, ಯಾವ ತಾಣಕ್ಕೆ ಎಂಬ ಉಲ್ಲೇಖ, ಅವಧಿ ಮತ್ತು ಗಣಿತದ ಸೂತ್ರದಿಂದ ಹಾಕಿದ ಸಹಿ ಇರುತ್ತವೆ. 2015ರಲ್ಲಿ ಮಾನಕವಾಗಿ ಪ್ರಕಟವಾದ ಜೇಸನ್ ವೆಬ್ ಟೋಕನ್ ಇಂದು ಹೆಚ್ಚು ಬಳಕೆಯಲ್ಲಿರುವ ರೂಪ. ಅದರ ಒಳಗಿನ ಬರಹ ಸಾಮಾನ್ಯವಾಗಿ ಗುಟ್ಟಿನದಲ್ಲ, ಯಾರು ಬೇಕಾದರೂ ಬಿಡಿಸಿ ಓದಬಹುದು. ತಿದ್ದಿದರೆ ಮಾತ್ರ ಸಹಿ ತಾಳೆಯಾಗದು. ರಹದಾರಿಯೂ ಹಾಗೆಯೇ ಅಲ್ಲವೇ?

ಈ ಚಿಂತನೆಯ ಬೇರು 1980ರ ದಶಕದಷ್ಟು ಹಿಂದಿನದು. ಅಮೆರಿಕದ ಎಂಐಟಿಯಲ್ಲಿ ರೂಪುಗೊಂಡ ಕೆರ್ಬರೋಸ್ ವ್ಯವಸ್ಥೆ ಇದನ್ನು ‘ಟಿಕೆಟ್’ ಎಂದು ಕರೆದಿತ್ತು. 2005ರ ಸ್ಯಾಮಲ್ 2.0, 2012ರ ಓಆತ್ 2.0, 2014ರ ಓಪನ್‌ಐಡಿ ಕನೆಕ್ಟ್ ಮಾನಕಗಳು ಅದೇ ವಿಚಾರವನ್ನು ಅಂತರಜಾಲಕ್ಕೆ ವಿಸ್ತರಿಸಿದವು.

ಕರ್ನಾಟಕಕ್ಕೆ ಈ ವಿಷಯದಲ್ಲಿ ತನ್ನದೇ ಆದ ಇತಿಹಾಸವಿದೆ ಎಂಬುದನ್ನು ಇಂದಿನ ಚರ್ಚೆ ಮರೆತಂತಿದೆ. 2001ರ ವೇಳೆಗೆ ರಾಜ್ಯವ್ಯಾಪಿಯಾದ ಭೂಮಿ ಯೋಜನೆ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು. ಕೈಬರಹದ ಪಹಣಿಯ ಕಾಲ ಮುಗಿಯಿತು. ಆ ತಂತ್ರಾಂಶದ ಒಂದು ಅಂಶ ಅಂದಿನ ಮಟ್ಟಿಗೆ ಅಪರೂಪದ್ದಾಗಿತ್ತು. ದಾಖಲೆ ತಿದ್ದುವ ನೌಕರ ಗುಪ್ತಪದ ಒತ್ತಿ ಒಳಹೋಗುವಂತಿರಲಿಲ್ಲ, ಬೆರಳಚ್ಚು ಕೊಡಬೇಕಿತ್ತು. ಖಾತೆ ಬದಲಾವಣೆ ಮಾಡಿದ್ದು ತಾನಲ್ಲ, ತನ್ನ ಗುಪ್ತಪದ ಬೇರೆಯವರಿಗೆ ಗೊತ್ತಿತ್ತು ಎಂದು ಆತ ನಾಳೆ ಕೈತೊಳೆದುಕೊಳ್ಳಬಾರದು ಎಂಬುದೇ ಉದ್ದೇಶ. ಅಂದು ಅನುಮಾನದ ದೃಷ್ಟಿ ನೆಟ್ಟಿದ್ದು ಕಚೇರಿಯ ಕುರ್ಚಿಯ ಮೇಲೆ. ಎರಡು ದಶಕಗಳಲ್ಲಿ ಆ ದೃಷ್ಟಿ ಕಿಟಕಿಯ ಈಚೆ ನಿಂತ ನಾಗರಿಕನತ್ತ ಹೊರಳಿದೆ. ತಾನೇ ತಾನು ಎಂದು ಪದೇ ಪದೇ ಸಾಬೀತುಪಡಿಸಬೇಕಾದವನು ಈಗ ಆತ.

ಬೆರಳಚ್ಚನ್ನೇ ಕೀಲಿಗೈ ಮಾಡಿಕೊಂಡರೆ ಏನಾಗಬಹುದು ಎಂಬುದಕ್ಕೂ ರಾಜ್ಯದಲ್ಲೇ ನಿದರ್ಶನವಿದೆ. 2023ರಲ್ಲಿ ಕರಾವಳಿಯೂ ಸೇರಿದಂತೆ ಹಲವೆಡೆ ಆಸ್ತಿ ನೋಂದಣಿ ಮಾಡಿಸಿದವರ ಬ್ಯಾಂಕ್ ಖಾತೆಗಳಿಂದ ಹಣ ಮಾಯವಾಯಿತು. ಕ್ರಯಪತ್ರಗಳ ಪ್ರತಿಯಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ, ಕಾರ್ಡಾಗಲೀ ಒಟಿಪಿಯಾಗಲೀ ಕೇಳದ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ವಂಚಕರು ಹಣ ತೆಗೆದಿದ್ದರು. ಆ ಬಳಿಕ ದಾಖಲೆ ಪ್ರತಿಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡಲು ಕಂದಾಯ ಇಲಾಖೆ ಕ್ರಮ ಕೈಗೊಂಡಿತು. ಗುಪ್ತಪದ ಸೋರಿದರೆ ಬದಲಿಸಬಹುದು, ಬೆರಳು ಬದಲಿಸಲಾಗದು. ಅದೂ ಅಲ್ಲದೆ, ವರ್ಷವಿಡೀ ಕತ್ತಿ, ಗುದ್ದಲಿ ಹಿಡಿಯುವ ತೋಟದ ಕಾರ್ಮಿಕರ ಸವೆದ ಬೆರಳನ್ನು ಯಂತ್ರ ಗುರುತಿಸದೆ ಪಡಿತರ ಅಂಗಡಿಯಲ್ಲಿ ತಡವಾಗುವುದು ಹಳೆಯ ದೂರು. ಈ ಎರಡು ಕಾರಣಕ್ಕೇ ಅಲ್ಪಾಯುಷಿ ಟೋಕನ್ ಬೆರಳಚ್ಚಿಗಿಂತ ಲೇಸು. ಕದ್ದರೂ ಅದರ ಆಯುಸ್ಸು ಕೆಲವೇ ನಿಮಿಷ ಅಥವಾ ಗಂಟೆಯದು.

ಕಾಫಿ ಸೀಮೆಯ ತೊಡಕು ಆರಂಭವಾಗುವುದು ಈ ಅಲ್ಪಾಯುಷ್ಯದಿಂದಲೇ.

ಟೋಕನ್ ಹುಟ್ಟುವುದಕ್ಕೆ ಮೊದಲು ಒಟಿಪಿ ಬರಬೇಕು. ಒಟಿಪಿ ಬರುವುದಕ್ಕೆ ಮೊಬೈಲ್ ಸಂಕೇತ ಬೇಕು. ಕಳಸ, ಸಂಸೆ, ಕುದುರೆಮುಖ ಕಡೆಯ ಗುಡ್ಡಗಳ ಮರೆಯಲ್ಲಿ ಸಂಕೇತಕ್ಕಾಗಿ ದಿಬ್ಬ ಹತ್ತುವುದು ನಿತ್ಯದ ಮಾತು. ದಿಬ್ಬ ಹತ್ತಿ ಅಂಕಿಗಳನ್ನು ಓದಿಕೊಂಡು ಮನೆಯ ಕಂಪ್ಯೂಟರಿಗೆ ಮರಳುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಮಳೆಗಾಲದಲ್ಲಿ ವಿದ್ಯುತ್ ಕೈಕೊಟ್ಟರಂತೂ ಅರ್ಧ ತುಂಬಿದ ಅರ್ಜಿ ಮತ್ತೆ ಮೊದಲಿನಿಂದ. ವಿಪರ್ಯಾಸವೆಂದರೆ, ಪರಿಹಾರದ ಅರ್ಜಿ ಹಾಕಬೇಕಾದ ಸಮಯವೂ ಇದೇ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಕುಸಿದು ಮನೆ, ತೋಟ ಕೊಚ್ಚಿಹೋದವು. ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿದಾಗ ಕಳಸ–ಹೊರನಾಡು ಸಂಪರ್ಕ ತಪ್ಪುವುದು ಮಳೆಗಾಲದ ಮಾಮೂಲು ಸುದ್ದಿ. ಸೇತುವೆಯೂ ಟವರೂ ಒಟ್ಟಿಗೆ ಕೈಕೊಡುವ ದಿನ, ಒಟಿಪಿಯನ್ನೇ ನಂಬಿದ ಬಾಗಿಲು ಒಂದಾಗಿದ್ದರೂ ನೂರಾಗಿದ್ದರೂ ವ್ಯತ್ಯಾಸವಿಲ್ಲ.

ಅವಧಿ ಹೆಚ್ಚಿಸಿದರೆ ಆಗದೇ ಎಂದು ಕೇಳಬಹುದು. ಸಮಸ್ಯೆ ರಹದಾರಿಯ ಸ್ವಭಾವದಲ್ಲೇ ಇದೆ. ತನಿಖಾ ಠಾಣೆ ಕಚೇರಿಯನ್ನು ಕೇಳದೆ ಲಾರಿ ಬಿಡುತ್ತದೆ ಎಂದಾದರೆ, ಕೊಟ್ಟ ರಹದಾರಿಯನ್ನು ನಡುದಾರಿಯಲ್ಲಿ ರದ್ದು ಮಾಡುವುದು ಕಷ್ಟ. ಅವಧಿ ಮುಗಿಯುವವರೆಗೆ ಅದು ನಡೆಯುತ್ತದೆ. ಆದ್ದರಿಂದ ತಂತ್ರಜ್ಞರು ಎರಡು ಬಗೆಯ ಚೀಟಿ ಮಾಡಿದ್ದಾರೆ. ಬಾಗಿಲು ತೆರೆಯುವ ಟೋಕನ್ನಿನ ಆಯುಸ್ಸು ಕಡಿಮೆ. ಅದು ಮುಗಿದಾಗ ಹೊಸದನ್ನು ಪಡೆಯಲು ಇರುವ ನವೀಕರಣ ಟೋಕನ್ನಿನ ಆಯುಸ್ಸು ಹೆಚ್ಚು, ಅದನ್ನು ಕೇಂದ್ರ ಯಾವಾಗ ಬೇಕಾದರೂ ರದ್ದುಗೊಳಿಸಬಹುದು. ಮನೆಯ ಸ್ವಂತ ಕಂಪ್ಯೂಟರಿಗೆ ಇದು ಒಳ್ಳೆಯ ಪರಿಹಾರ. ಬಸ್ ನಿಲ್ದಾಣದ ಬಳಿಯ ಸೈಬರ್ ಕೇಂದ್ರದ ಕಂಪ್ಯೂಟರಿಗೆ ಇದೇ ಅಪಾಯ. ಒಂದು ತಾಣದಿಂದ ಹೊರಬಂದ ಮಾತ್ರಕ್ಕೆ ಕೇಂದ್ರದಲ್ಲಿನ ಪ್ರವೇಶ ಮುಗಿಯದೇ ಇರಬಹುದು. ಮುಂದಿನ ಗಿರಾಕಿ ಕುಳಿತಾಗ ಹಿಂದಿನವನ ಬಾಗಿಲುಗಳು ತೆರೆದೇ ಇದ್ದರೆ, ಒಂದು ಅರ್ಜಿಯ ಜತೆಗೆ ಡಿಜಿಲಾಕರ್‌ನಲ್ಲಿರುವ ಅಂಕಪಟ್ಟಿ, ಚಾಲನಾ ಪರವಾನಗಿಗಳೂ ಅಪರಿಚಿತನ ಕಣ್ಣಿಗೆ ಬಿದ್ದಂತೆ.

ಇನ್ನೂ ಒಂದು ವಾಸ್ತವವನ್ನು ವ್ಯವಸ್ಥೆಯ ರೂವಾರಿಗಳು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ಅನೇಕ ತೋಟಗಳ ಮಾಲೀಕರು ಇರುವುದು ಬೆಂಗಳೂರಿನಲ್ಲಿ ಅಥವಾ ಹೊರದೇಶದಲ್ಲಿ. ಪಹಣಿ ಜಂಟಿಯಾಗಿದೆ. ಅರ್ಜಿ ಹಾಕುವವರು ತೋಟದ ರೈಟರ್ ಅಥವಾ ಸಂಬಂಧಿಕರು. ಸಣ್ಣ ಹಿಡುವಳಿದಾರರ ಪರವಾಗಿ ಸೇವಾ ಕೇಂದ್ರದ ನಿರ್ವಾಹಕರೇ ಎಲ್ಲವನ್ನೂ ತುಂಬುತ್ತಾರೆ. ಮಾಲೀಕರು ಫೋನಿನಲ್ಲಿ ಒಟಿಪಿ ಓದಿ ಹೇಳುತ್ತಾರೆ. ಒಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ಒಂದು ಕಡೆ ಜಾಹೀರಾತು, ಹೇಳದಿದ್ದರೆ ಕೆಲಸವಾಗದು ಎಂಬ ಸ್ಥಿತಿ ಇನ್ನೊಂದು ಕಡೆ. ಹೀಗೆ ಹೇಳಿ ಹೇಳಿ ರೂಢಿಯಾದ ನಾಲಿಗೆಯಿಂದಲೇ ನಾಳೆ ವಂಚಕನಿಗೂ ಅಂಕಿಗಳು ಸಿಗುತ್ತವೆ. ಹಿಂದೆ ಹೀಗೆ ಬಿಟ್ಟುಕೊಟ್ಟ ಕೀಲಿಗೈ ಒಂದು ಬಾಗಿಲಿನದಾಗಿತ್ತು. ಏಕ ಪ್ರವೇಶದಲ್ಲಿ ಅದು ಇಡೀ ಮನೆಯದು.

ಸೋಜಿಗವೆಂದರೆ, ಓಆತ್ ಮಾನಕ ಹುಟ್ಟಿದ್ದೇ ಈ ಪೇಚನ್ನು ಬಿಡಿಸಲು. ಗುಪ್ತಪದ ಕೊಡದೆ, ಇಂತಿಷ್ಟೇ ಕೆಲಸಕ್ಕೆ, ಇಂತಿಷ್ಟೇ ಕಾಲಕ್ಕೆ ಇನ್ನೊಬ್ಬರಿಗೆ ಅಧಿಕಾರ ಕೊಡುವುದು ಅದರ ಮೂಲ ಉದ್ದೇಶ. ಅದು ಯೋಚಿಸಿದ್ದು ಮುಖ್ಯವಾಗಿ ಒಂದು ತಂತ್ರಾಂಶ ಇನ್ನೊಂದಕ್ಕೆ ಅಧಿಕಾರ ಕೊಡುವುದನ್ನು. ಮನುಷ್ಯರಿಗೂ ಅದನ್ನು ವಿಸ್ತರಿಸಲು ತಾಂತ್ರಿಕ ಅಡ್ಡಿಯಿಲ್ಲ. ಬೆಳೆಹಾನಿ ಅರ್ಜಿಯನ್ನಷ್ಟೇ ತುಂಬಲು ರೈಟರ್‌ಗೆ ಒಂದು ತಿಂಗಳ ಅನುಮತಿ, ಋಣಭಾರ ಪತ್ರ ನೋಡಲು ಮಾತ್ರ ವಕೀಲರಿಗೆ ಅನುಮತಿ ಎಂಬಂತೆ ಸೀಮಿತ ಅಧಿಕಾರ ಪತ್ರಗಳನ್ನು ಟೋಕನ್ ರೂಪದಲ್ಲಿ ನೀಡಬಹುದು. ಯಾರ ಹೆಸರಿನಲ್ಲಿ ಯಾರು ಏನು ಮಾಡಿದರು ಎಂಬ ದಾಖಲೆಯೂ ಆಗ ಉಳಿಯುತ್ತದೆ. ಭೂಮಿ ಯೋಜನೆ 2001ರಲ್ಲಿ ನೌಕರರಿಂದ ಬಯಸಿದ್ದೂ ಅದನ್ನೇ.

ಒಟಿಪಿಗೂ ಪರ್ಯಾಯವಿಲ್ಲದೆ ಇಲ್ಲ. ಮೊಬೈಲಿನಲ್ಲೇ ಪ್ರತಿ 30 ಸೆಕೆಂಡಿಗೊಮ್ಮೆ ಹೊಸ ಅಂಕಿ ಹುಟ್ಟಿಸುವ ತಂತ್ರಾಂಶಗಳ ಮಾನಕ 2011ರಲ್ಲೇ ಬಂದಿದೆ. ಮೊದಲು ಒಮ್ಮೆ ನೋಂದಾಯಿಸಿದ ಮೇಲೆ ಅಂಕಿ ಹುಟ್ಟಲು ಮೊಬೈಲ್ ಸಂಕೇತ ಬೇಕಿಲ್ಲ, ಗಡಿಯಾರ ಸರಿಯಿದ್ದರೆ ಸಾಕು. ಮನೆಗೆ ಬ್ರಾಡ್‌ಬ್ಯಾಂಡ್ ತಂತಿ ಬಂದಿದ್ದೂ ಫೋನಿಗೆ ಸಂಕೇತ ಸಿಗದ ಮನೆಗಳಿಗೆ ಇದು ಹೇಳಿ ಮಾಡಿಸಿದ್ದು. ಸಂದೇಶದ ಮೂಲಕ ಬರುವ ಒಟಿಪಿಯನ್ನು ಅಮೆರಿಕದ ಮಾನಕ ಸಂಸ್ಥೆ 2017ರಲ್ಲೇ ನಿರ್ಬಂಧಿತ ವಿಧಾನಗಳ ಪಟ್ಟಿಗೆ ಸೇರಿಸಿದೆ. ನಮ್ಮಲ್ಲಿ ಅದೇ ಇನ್ನೂ ರಾಜಮಾರ್ಗ.

ಎಲ್ಲ ಬಾಗಿಲುಗಳೂ ಒಂದು ಕೇಂದ್ರವನ್ನು ನೆಚ್ಚಿದಾಗ ಆ ಕೇಂದ್ರದ ಮೊಹರು ಕಳವಾದರೆ ಗತಿಯೇನು ಎಂಬುದು ಕಾಲ್ಪನಿಕ ಪ್ರಶ್ನೆಯಲ್ಲ. 2023ರ ಜುಲೈನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಬಹಿರಂಗಪಡಿಸಿದ ಪ್ರಕರಣದಲ್ಲಿ, ಚೀನಾ ಮೂಲದ ತಂಡವೊಂದು ಟೋಕನ್‌ಗಳಿಗೆ ಸಹಿ ಹಾಕುವ ಕೀಲಿಯನ್ನೇ ಕೈವಶ ಮಾಡಿಕೊಂಡು ಅಮೆರಿಕದ ವಿದೇಶಾಂಗ ಇಲಾಖೆಯೂ ಸೇರಿ ಸುಮಾರು 25 ಸಂಸ್ಥೆಗಳ ಇ-ಮೇಲ್ ಓದಿತ್ತು. ಕಳವಾದದ್ದು ಸಾಮಾನ್ಯ ಗ್ರಾಹಕರ ಖಾತೆಗಳಿಗೆ ಮೀಸಲಾದ ಕೀಲಿ. ಸಂಸ್ಥೆಗಳ ಖಾತೆಯ ಬಾಗಿಲು ಕೂಡ ಅದನ್ನು ಒಪ್ಪಿಕೊಂಡಿತು. ತನಿಖಾ ಠಾಣೆಯವರು ಮೊಹರು ಇದೆಯೇ ಎಂದು ನೋಡಿದರೇ ಹೊರತು ಅದು ಯಾವ ಕಚೇರಿಯ ಮೊಹರು ಎಂದು ನೋಡಲಿಲ್ಲ.

ಹಾಗೆಂದು ಪ್ರತಿ ಇಲಾಖೆಯೂ ತನ್ನದೇ ಬೀಗ ಇಟ್ಟುಕೊಂಡರೆ ಕ್ಷೇಮ ಎನ್ನಲಾಗದು. 2024ರ ಡಿಸೆಂಬರ್ ಮತ್ತು 2025ರ ಜನವರಿಯಲ್ಲಿ ಕಾವೇರಿ 2.0 ಮೇಲೆ ನಡೆದ ದಾಳಿಯಲ್ಲಿ ನಕಲಿ ಖಾತೆಗಳನ್ನು ಸೃಷ್ಟಿಸಿ, ಋಣಭಾರ ಪತ್ರದ ಹುಡುಕಾಟಕ್ಕೆ ಸ್ವಯಂಚಾಲಿತ ಬೇಡಿಕೆಗಳ ಮಹಾಪೂರ ಹರಿಸಲಾಗಿತ್ತು. ನೋಂದಣಿ ಕಾರ್ಯ ರಾಜ್ಯದಾದ್ಯಂತ ಅಸ್ತವ್ಯಸ್ತಗೊಂಡು ಸರ್ಕಾರ ಸೈಬರ್ ಪೊಲೀಸರ ಮೊರೆಹೋಯಿತು. ಇ-ಮೇಲ್ ವಿಳಾಸವೊಂದಿದ್ದರೆ ಸಾಕು ಎನ್ನುವ ಸಡಿಲ ಬಾಗಿಲುಗಳಿಗಿಂತ ಗಟ್ಟಿಯಾದ ಒಂದು ಕೇಂದ್ರ ಮೇಲು ಎಂಬ ವಾದಕ್ಕೆ ಇಲ್ಲಿ ಬಲವಿದೆ.

ಈ ನಡುವೆ ಬೆಳೆಗಾರರ ಮುಂದೆ ಮತ್ತೊಂದು ಬಾಗಿಲು ಬಂದು ನಿಂತಿದೆ. ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ತಡೆಯಲು ಐರೋಪ್ಯ ಒಕ್ಕೂಟ 2023ರಲ್ಲಿ ತಂದ ಕಾಯ್ದೆಯ ಜಾರಿ ಒಂದಕ್ಕಿಂತ ಹೆಚ್ಚು ಬಾರಿ ಮುಂದಕ್ಕೆ ಹೋಗಿದೆಯಾದರೂ, ತೋಟದ ಅಕ್ಷಾಂಶ ರೇಖಾಂಶ ಸಹಿತ ವಿವರ ಕೊಡಬೇಕೆಂಬ ಷರತ್ತು ಹಾಗೆಯೇ ಉಳಿದಿದೆ. 4 ಹೆಕ್ಟೇರಿಗಿಂತ ದೊಡ್ಡ ತೋಟವಾದರೆ ಗಡಿಯ ಪೂರ್ತಿ ನಕ್ಷೆ ಬೇಕು. ಇದಕ್ಕಾಗಿ ಕಾಫಿ ಮಂಡಳಿ ಮೊಬೈಲ್ ತಂತ್ರಾಂಶದ ಮೂಲಕ ಬೆಳೆಗಾರರ ನೋಂದಣಿಗೆ ಮುಂದಾಗಿದೆ. ಸರ್ವೆ ನಂಬರು ಭೂಮಿಯಲ್ಲಿದೆ, ಬೆಳೆಗಾರನ ಗುರುತು ಫ್ರೂಟ್ಸ್‌ನಲ್ಲಿದೆ, ಎರಡೂ ರಾಜ್ಯ ಸರ್ಕಾರದವು. ಕಾಫಿ ಮಂಡಳಿ ಕೇಂದ್ರದ್ದು. ಒಂದು ಸರ್ಕಾರ ನೀಡಿದ ರಹದಾರಿಯನ್ನು ಇನ್ನೊಂದು ಸರ್ಕಾರದ ಠಾಣೆ ಒಪ್ಪುವಂತಾದರೆ ಆಲ್ದೂರಿನ, ಬಾಳೂರಿನ ಬೆಳೆಗಾರ ಇದ್ದ ದಾಖಲೆಯನ್ನೇ ಮತ್ತೊಮ್ಮೆ ತುಂಬಬೇಕಿಲ್ಲ. ಒಪ್ಪದಿದ್ದರೆ ಆತ ಇನ್ನೊಂದು ಒಟಿಪಿಗಾಗಿ ಅದೇ ದಿಬ್ಬ ಹತ್ತಬೇಕಾಗುತ್ತದೆ.