ದಾನಕ್ಕೆ ಮುನ್ನ ಕೂಲಿ

ಮೇ ತಿಂಗಳ ಮೊದಲ ದಿನವನ್ನು ಧರ್ಮಸಭೆಯು ಶ್ರಮಿಕ ಸಂತ ಜೋಸೆಫರ ಹಬ್ಬವಾಗಿ ಆಚರಿಸುತ್ತದೆ. ಜಗದ್ಗುರು 12ನೇ ಪಿಯುಸ್‌ರವರು 1955ರಲ್ಲಿ ಈ ಹಬ್ಬವನ್ನು ಸ್ಥಾಪಿಸಿದಾಗ, ಜಗತ್ತಿನ ಕಾರ್ಮಿಕರು ತಮ್ಮದೆಂದು ಬಗೆದಿದ್ದ ದಿನವನ್ನೇ ಆರಿಸಿಕೊಂಡರು. ಅಂದು ನಾವು ನಜರೇತಿನ ಬಡಗಿಯ ಪ್ರತಿಮೆಯ ಮುಂದೆ ಮೇಣದಬತ್ತಿ ಹಚ್ಚುತ್ತೇವೆ. ಉಳಿ, ಸುತ್ತಿಗೆಗಳನ್ನು ಪೀಠದ ಬಳಿಗೆ ತಂದು ಆಶೀರ್ವದಿಸುತ್ತೇವೆ. ಆದರೆ ಅವುಗಳನ್ನು ಹಿಡಿದ ಕೈಗೆ ಸಲ್ಲಬೇಕಾದುದು ಸಂದಿದೆಯೇ ಎಂದು ವಿಚಾರಿಸುವುದು ಅಪರೂಪ.

ಈ ವಿಷಯದಲ್ಲಿ ನಮ್ಮದೇ ಲೋಪವೊಂದನ್ನು ಓದುಗರ ಮುಂದೆ ನಿವೇದಿಸಿಕೊಳ್ಳುವುದು ಉಚಿತವೆಂದು ತೋರುತ್ತದೆ. 2024ರಲ್ಲಿ ನಮ್ಮ ಇಗರ್ಜಿಯ ಅಂಗಳದಲ್ಲಿ ಮಾತೆಯ ಗ್ರೊಟ್ಟೊ ನಿರ್ಮಾಣವಾಯಿತು. ಅದರ ಸಂಪೂರ್ಣ ವೆಚ್ಚವನ್ನು ಧರ್ಮಕೇಂದ್ರದ ಒಂದು ಕುಟುಂಬವು ವಹಿಸಿಕೊಂಡಿತು. ಆ ಮನೆಯ ಯಜಮಾನರು ಕಟ್ಟಡದ ಗುತ್ತಿಗೆದಾರರು. ಕೆಲಸ ಮುಗಿಯುವ ಹೊತ್ತಿಗೆ, ಬಿಜಾಪುರದ ಕಡೆಯಿಂದ ಬಂದಿದ್ದ ಕೂಲಿಯಾಳೊಬ್ಬ ಸಂಜೆಯ ವೇಳೆ ನಮ್ಮ ನಿವಾಸದ ಮೆಟ್ಟಿಲ ಬಳಿ ನಿಂತು, ಧಣಿಗಳ ಬೇರೊಂದು ಕಟ್ಟಡದಲ್ಲಿ ದುಡಿದ ಆರು ವಾರಗಳ ಕೂಲಿ ಇನ್ನೂ ಬಂದಿಲ್ಲವೆಂದು ಹೇಳಿಕೊಂಡ. ಅದು ನಿನಗೂ ನಿನ್ನ ಧಣಿಗೂ ಸಂಬಂಧಿಸಿದ ವಿಷಯವಪ್ಪಾ ಎಂದು ಹೇಳಿ ಆತನನ್ನು ಕಳುಹಿಸಿಬಿಟ್ಟೆವು. ಮುಂದಿನ ಭಾನುವಾರ ಪೀಠದಿಂದ ದಾನಿಗಳ ಹೆಸರನ್ನು ಓದಿ ಕೃತಜ್ಞತೆ ಸಲ್ಲಿಸಿದೆವು.

ಕೆಲವೇ ವಾರಗಳಲ್ಲಿ ಸೆಪ್ಟೆಂಬರ್ 29ರ ಭಾನುವಾರ ಬಂದಿತು. ಅಂದಿನ ಎರಡನೆಯ ವಾಚನವು ಸಂತ ಯಕೋಬರ ಪತ್ರದ ಐದನೆಯ ಅಧ್ಯಾಯದ್ದು. ಹೊಲ ಕೊಯ್ದವರಿಗೆ ಕೊಡದೆ ಉಳಿಸಿಕೊಂಡ ಕೂಲಿಯೇ ದೇವರ ಮುಂದೆ ಮೊರೆಯಿಡುತ್ತದೆಂದು ಪ್ರೇಷಿತರು ಅಲ್ಲಿ ಶ್ರೀಮಂತರನ್ನು ಎಚ್ಚರಿಸುತ್ತಾರೆ. ಅದನ್ನು ಕೇಳುತ್ತಾ ಕುಳಿತಾಗ, ಆ ಮೊರೆಯು ಮೊದಲು ಬಂದು ತಟ್ಟಿದ್ದು ನಮ್ಮ ಬಾಗಿಲನ್ನೇ ಎಂಬುದು ಮನಸ್ಸಿಗೆ ನಾಟಿತು.

ಇದು ಹೊಸ ಬೋಧನೆಯೇನೂ ಅಲ್ಲ. ಕೂಲಿಯನ್ನು ಸೂರ್ಯ ಮುಳುಗುವ ಮುನ್ನ ಕೊಡಬೇಕೆಂಬುದು ಮೋಶೆಯ ಧರ್ಮಶಾಸ್ತ್ರದ ವಿಧಿ. ನಮ್ಮ ಹಿರಿಯರು ದೊತೊರ್ನ್‌ನಲ್ಲಿ ಬಾಯಿಪಾಠ ಮಾಡಿದ, ಸ್ವರ್ಗಕ್ಕೆ ಮೊರೆಯಿಡುವ ನಾಲ್ಕು ಪಾಪಗಳಲ್ಲಿ ಕೂಲಿ ತಡೆಹಿಡಿಯುವುದೂ ಒಂದು. 1891ರಲ್ಲಿ ಜಗದ್ಗುರು 13ನೇ ಲಿಯೋರವರು ‘ರೇರುಂ ನೊವಾರುಂ’ ಪರಿಪತ್ರದಲ್ಲಿ, ಬಡತನದ ಒತ್ತಡಕ್ಕೆ ಮಣಿದು ಕೆಲಸಗಾರನು ಕಡಿಮೆ ಕೂಲಿಗೆ ಒಪ್ಪಿಕೊಂಡರೂ ಆ ಒಪ್ಪಂದ ನ್ಯಾಯವಾಗದೆಂದು ಸಾರಿದರು. 2025ರಲ್ಲಿ ಆಯ್ಕೆಯಾದ 14ನೇ ಲಿಯೋರವರು ಆ ಹೆಸರನ್ನು ಧರಿಸಲು ಆ ಪರಿಪತ್ರವೇ ಒಂದು ಮುಖ್ಯ ಕಾರಣವೆಂದು ತಿಳಿಸಿದ್ದಾರೆ. ನ್ಯಾಯವಾಗಿ ಸಲ್ಲಬೇಕಾದುದನ್ನು ಪ್ರೀತಿಯ ಕೊಡುಗೆಯೆಂದು ನೀಡಬಾರದೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿಯೇ ಸ್ಪಷ್ಟಪಡಿಸಿತು. ಅಂದರೆ, ದಾನವು ನ್ಯಾಯದ ಬದಲಿಯಲ್ಲ. ನ್ಯಾಯವು ಮುಗಿದಲ್ಲಿ ದಾನವು ಆರಂಭವಾಗುತ್ತದೆ. ಪರರ ಪಾಲನ್ನು ಕೈಯಲ್ಲಿಟ್ಟುಕೊಂಡು ಕೊಡುವವನು ಕೊಡುವುದು ತನ್ನದನ್ನಲ್ಲ.

ಹೀಗಿರಲು ‘ಕ್ರೈಸ್ತ’ ಎಂಬ ನಮ್ಮ ಗುರುತು ಎಲ್ಲಿದೆ? ದೀಕ್ಷಾಸ್ನಾನದ ದಾಖಲೆಯಲ್ಲಿ, ಮನೆತನದ ಹೆಸರಿನಲ್ಲಿ, ಕೊರಳಿನ ಶಿಲುಬೆಯಲ್ಲಿ ಎಂದು ನಾವು ಸುಲಭವಾಗಿ ಉತ್ತರಿಸಬಹುದು. ಆದರೆ ಶಿಷ್ಯರು ಆ ಹೆಸರನ್ನು ಮೊದಲು ಪಡೆದ ಅಂತಿಯೋಕ್ಯದಲ್ಲಿ ಅವರಿಗೆ ಗೋಪುರಗಳೂ ಇರಲಿಲ್ಲ, ಅಮೃತಶಿಲೆಯ ಫಲಕಗಳೂ ಇರಲಿಲ್ಲ. ಬರಗಾಲದ ಸುದ್ದಿ ಕೇಳಿದೊಡನೆ ಅವರು ತಮ್ಮ ತಮ್ಮ ಶಕ್ತ್ಯನುಸಾರ ಯೂದೇಯದ ಸಹೋದರರಿಗೆ ನೆರವು ಕಳುಹಿಸಿದರೆಂದು ‘ಪ್ರೇಷಿತರ ಕಾರ್ಯಕಲಾಪಗಳು’ ಅದೇ ಅಧ್ಯಾಯದಲ್ಲಿ ತಿಳಿಸುತ್ತದೆ. ಆ ನೆರವನ್ನು ಕೊಂಡೊಯ್ದವರಲ್ಲಿ ಒಬ್ಬರಾದ ಸಂತ ಪೌಲರು ಮುಂದೆ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಸಿಲರೊಡನೆ ಡೇರೆ ಹೊಲಿದು ಬದುಕಿದರು. ಅವರ ದುಡಿಮೆ, ದಾನ, ಹೆಸರು ಮೂರೂ ಒಂದೇ ಬದುಕಾಗಿದ್ದವು. ನಾವು ಅವುಗಳನ್ನು ಮೂರು ಕೋಣೆಗಳಲ್ಲಿ ಬೇರೆ ಬೇರೆಯಾಗಿ ಇಟ್ಟು ಬೀಗ ಹಾಕಿದ್ದೇವೆ.

ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದ ನಮ್ಮ ಕುಟುಂಬಗಳಿಗೆ ಈ ಮಾತು ಬೇಗ ಅರ್ಥವಾಗಬೇಕು. ಸಂಬಳ ಬಾರದ ತಿಂಗಳೆಂದರೆ ಏನು, ಊರಿನಲ್ಲಿ ಹಣಕ್ಕಾಗಿ ಕಾಯುವ ತಾಯಿಗೆ ಏನೆಂದು ಬರೆಯುವುದು, ಎಂಬುದು ಅವರಲ್ಲಿ ಅನೇಕರ ಅನುಭವ. ಅದೇ ಕಾಯುವಿಕೆಯನ್ನು ನಮ್ಮ ಅಡುಗೆಮನೆಯ ಹೆಣ್ಣುಮಗಳಿಗೆ, ತೋಟದ ಆಳಿಗೆ, ಅಂಗಡಿಯ ಹುಡುಗನಿಗೆ ನಾವು ವಿಧಿಸಬಹುದೇ?

ಆ ವಾಚನದ ಮರುದಿನ ನಾವು ದಾನಿಗಳ ಮನೆಗೆ ಹೋದೆವು. ಅವರು ಕೋಪಿಸಿಕೊಳ್ಳಲಿಲ್ಲ, ತಮಗೆ ಬರಬೇಕಾದ ಬಿಲ್ಲು ಬಂದಿಲ್ಲವೆಂದರು, ಬಹಳ ಹೊತ್ತು ಮೌನವಾಗಿದ್ದರು. ಎರಡು ವಾರಗಳೊಳಗೆ ಎಲ್ಲರ ಕೂಲಿಯನ್ನೂ ಸಲ್ಲಿಸಿದರು. ಆದರೆ ನಮ್ಮ ಮೆಟ್ಟಿಲ ಬಳಿ ನಿಂತಿದ್ದವನು ಅಷ್ಟರಲ್ಲಿ ಊರಿಗೆ ಮರಳಿದ್ದ. ಹಣವು ಮೇಸ್ತ್ರಿಯ ಮೂಲಕ ಆತನಿಗೆ ತಲುಪಿತು. ನಾವು ಕೇಳಬೇಕಾಗಿದ್ದ ಕ್ಷಮೆಯು ಇಂದಿಗೂ ತಲುಪಿಲ್ಲ.

ಆದುದರಿಂದ ವಾರ್ಷಿಕ ಹಬ್ಬದ ಕಾಣಿಕೆಯ ಲಕೋಟೆಯನ್ನು ಗುರ್ಕಾರರ ಕೈಗೆ ಕೊಡುವ ಮುನ್ನ, ಪ್ರತಿಯೊಂದು ಕುಟುಂಬವೂ ತಾನು ಯಾರಿಗೆ ಏನು ಬಾಕಿಯಿದೆಯೆಂದು ಒಮ್ಮೆ ಲೆಕ್ಕ ನೋಡಲೆಂದು ನಾವು ಬೇಡುತ್ತೇವೆ. ಬಾಕಿಯಿದ್ದರೆ ಲಕೋಟೆ ತೆಳ್ಳಗಾಗಲಿ. ಇಗರ್ಜಿಗೆ ಅದರಿಂದ ನಷ್ಟವಿಲ್ಲ. ಈ ಲೆಕ್ಕವು ಧರ್ಮಗುರುಗಳಿಂದಲೇ ಆರಂಭವಾಗಬೇಕಾದುದು ನ್ಯಾಯ. ಇಗರ್ಜಿಯ ಗಂಟೆ ಬಾರಿಸುವವನಿಗೆ, ಅಂಗಳ ಗುಡಿಸುವವಳಿಗೆ ನಾವು ಕೊಡುತ್ತಿರುವುದು ಸಂಬಳವೋ, ಕೃಪೆಯೋ ಎಂಬುದನ್ನು ನಮ್ಮ ಪಾಲನಾ ಮಂಡಳಿಯ ಮುಂದಿನ ಸಭೆಯ ಮೊದಲ ವಿಷಯವನ್ನಾಗಿ ಇರಿಸಿದ್ದೇವೆ.