ಏಳು ಮಾತ್ರೆಗೆ ನಾಲ್ಕು ಪೆಟ್ಟು

ಚೌತಿ ಸಮೀಪಿಸಿದಂತೆ ನಮ್ಮ ಶಹಾಪುರದ ಓಣಿಗಳಲ್ಲಿ ಡಿಜೆ ರೀಮಿಕ್ಸ್‌ಗಳ ತಾಲೀಮು ಆರಂಭವಾಗುತ್ತದೆ. ಅದರ ಗದ್ದಲವನ್ನು ಕುರಿತು ಬರೆದವರು ಬಹಳ ಮಂದಿ. ನನ್ನ ತಕರಾರು ಬೇರೆ. ಈ ಕೆಲಸದಲ್ಲಿ ತೊಡಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೇಳಿದ: "ಸರ್, ಹಾಡಿನ ವೇಗ, ಶ್ರುತಿ, ಭಾವ ಮೂರನ್ನೂ ಗಣಕಯಂತ್ರವೇ ಅಳೆದು ಕೊಡುತ್ತದೆ. ಮೂರೂ ಹೊಂದಿದರೆ ಹಾಡಿಗೆ ಯಾವ ಧಕ್ಕೆಯೂ ಇಲ್ಲ." ಈ ಮಾತನ್ನು ನಾನು ಒಪ್ಪಲಾರೆ.

ಶ್ರುತಿಯ ವಿಷಯದಲ್ಲಿ ಅವರ ಜಾಣ್ಮೆಯನ್ನು ಮೆಚ್ಚಲೇಬೇಕು. ಗಡಿಯಾರದ ಮುಖದಂತೆ ಹನ್ನೆರಡು ಅಂಕೆಗಳ ಚಕ್ರವೊಂದಿದೆ; ಪಕ್ಕಪಕ್ಕದ ಅಂಕೆಗಳ ಹಾಡುಗಳನ್ನು ಜೋಡಿಸಿದರೆ ಕಿವಿಗೆ ಹಿತ. ಅವು ಪರಸ್ಪರ ಪಂಚಮದ ದೂರದಲ್ಲಿರುವುದೇ ಕಾರಣ. ಷಡ್ಜ-ಪಂಚಮ ಭಾವವೆಂದು ನಮ್ಮ ಹಿರಿಯರು ತಂಬೂರಿಯಲ್ಲಿ ಕಂಡದ್ದೂ ಇದನ್ನೇ. ಆದರೆ ಆ ಚಕ್ರದಲ್ಲಿರುವುದು ಮೇಜರ್ ಹನ್ನೆರಡು, ಮೈನರ್ ಹನ್ನೆರಡು, ಒಟ್ಟು 24 ಮನೆಗಳು ಮಾತ್ರ. ಮೇಜರೋ ಮೈನರೋ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವ ಸ್ವರ ಗಾಂಧಾರ. ದಾಸರ ಪದಗಳನ್ನು ಹಾಡುವ ಮಧ್ಯಮಾವತಿಯಲ್ಲಿ (ನಮ್ಮ ಕಡೆಯ ಮಧಮಾದ ಸಾರಂಗದಲ್ಲಿ) ಗಾಂಧಾರವೇ ಇಲ್ಲ! ಇಲ್ಲದ ಸ್ವರವನ್ನು ಊಹಿಸಿ ಯಂತ್ರವು ರಾಗವನ್ನು ಯಾವುದೋ ಒಂದು ಮನೆಗೆ ನೂಕುತ್ತದೆ.

ವೇಗದ ಕಥೆ ಇನ್ನೂ ಕ್ಲೇಶಕರ. ಕುಣಿತದ ಸಂಗೀತಕ್ಕೆ ನಿಮಿಷಕ್ಕೆ 120ರಿಂದ 130 ಪೆಟ್ಟುಗಳು ವಾಡಿಕೆ. 90ರ ನಡೆಯ ಪದವನ್ನು 128ಕ್ಕೆ ಏರಿಸಿದರೆ ಶೇ. 42ರಷ್ಟು ಓಟ. ತಂತ್ರಾಂಶವು ಶ್ರುತಿಯನ್ನು ಕಾಯಬಲ್ಲದು; ದೀರ್ಘಾಕ್ಷರವನ್ನು ಕಾಯುವವರು ಯಾರು? ಬಾಳೆ ಬಳೆಯಾದೀತು. ನನ್ನ ತರಗತಿಯಲ್ಲಿ ಪ್ರಸ್ತಾರ ಹಾಕಿದವರು ಭಾಮಿನಿ ಷಟ್ಪದಿಯನ್ನು ಮರೆತಿರಲಾರಿರಿ: ಮೂರು, ನಾಲ್ಕು, ಮೂರು, ನಾಲ್ಕು. ಕುಮಾರವ್ಯಾಸನ ಭಾರತವಿಡೀ ಈ ಏಳರ ನಡೆಯಲ್ಲಿ ಸಾಗಿದೆ. ಎಷ್ಟೋ ಪದಗಳ ಹೆಜ್ಜೆಯೂ ಇದೇ. ಇದರ ಮೇಲೆ ನಾಲ್ಕರ ಪೆಟ್ಟನ್ನು ಹೇರಿದರೆ ಒತ್ತು ಪ್ರತಿ ಸಲವೂ ಬೇರೆ ಅಕ್ಷರದ ಮೇಲೆ ಬೀಳುತ್ತದೆ. ಅದನ್ನು ತಪ್ಪಿಸಲು ಮೂರರ ಗಣವನ್ನು ಎಳೆದು ನಾಲ್ಕು ಮಾಡುತ್ತಾರೆ. ಆಗ ಉಳಿಯುವುದು ಮಾತುಗಳು, ಛಂದಸ್ಸಲ್ಲ. ವಡಗಾವಿ, ಖಾಸಬಾಗದ ಮಗ್ಗಗಳ ಸದ್ದಿನಲ್ಲಿಯೂ ಇದಕ್ಕಿಂತ ಹೆಚ್ಚಿನ ಲಯಜ್ಞಾನವಿದೆಯೆಂದು ನನಗೆ ಅನೇಕ ಬಾರಿ ಅನಿಸಿದೆ.

ಇನ್ನು ಭಾವ. ಹಾಡಿನ ಉಲ್ಲಾಸವನ್ನು ಸೊನ್ನೆಯಿಂದ ಒಂದರವರೆಗಿನ ಅಂಕೆಯಲ್ಲಿ ಅಳೆಯುವರಂತೆ! ಶಿಶುನಾಳ ಷರೀಫರ (1819–1889) ತತ್ವಪದಗಳಲ್ಲಿ ನಗೆಯ ಹೊದಿಕೆಯೊಳಗೆ ವೈರಾಗ್ಯವಿದೆ. ಅದಕ್ಕೆ ಯಾವ ದಶಮಾಂಶ?

ಹೊಸದನ್ನು ಕಂಡರೆ ಮುದುಕರಿಗೆ ಆಗದು ಎನ್ನುವಿರಿ. ಹಾರ್ಮೋನಿಯಂ ಪೆಟ್ಟಿಗೆಯಲ್ಲಿ ಮೀಂಡಿಗೆ ಎಡೆಯಿಲ್ಲವೆಂದು ಆಕಾಶವಾಣಿ 1940ರಲ್ಲಿ ಅದನ್ನು ನಿಷೇಧಿಸಿತ್ತು. 1971ರವರೆಗೂ ಬಿಗಿ ಸಡಿಲವಾಗಲಿಲ್ಲ. ಆದರೆ ಅದೇ ಪೆಟ್ಟಿಗೆಯನ್ನು ನಮ್ಮ ಬೆಳಗಾವಿಯ ಪಂಡಿತ ರಾಮಭಾವು ಬಿಜಾಪುರೆಯವರು (1917–2010) ಗಾಯಕರ ಉಸಿರಿನ ಹಿಂದೆ ನಡೆಸಿದರು. ಅಲ್ಲಿ ಯಂತ್ರವು ಹಾಡನ್ನು ಹಿಂಬಾಲಿಸಿತು. ಇಲ್ಲಿ ಹಾಡು ಯಂತ್ರದ ಹಿಂದೆ ಏದುಸಿರು ಬಿಡುತ್ತಿದೆ. ನನ್ನ ವಿರೋಧವೆಲ್ಲ ಈ ಅದಲುಬದಲಿಗೆ.

ಡೊಳ್ಳಿನ ಮೇಳದ ಹಿರಿಯನು ಕುಣಿಯುವವರ ಕಾಲು ನೋಡಿ ಲಯವನ್ನು ಏರಿಸುತ್ತಾನೆ, ತಿರುವಿನಲ್ಲಿ ತಡೆಯುತ್ತಾನೆ. ಅಂಥವನಿಗೆ ವೀಳ್ಯ ಕೊಡಲು ಕೈ ಬಾರದ ಮಂಡಳಿಗಳು ಧ್ವನಿವರ್ಧಕಗಳ ಬಾಡಿಗೆಗೆ ಪಟ್ಟಿ ಎತ್ತುತ್ತವೆ. ಅವನ ಮಗ ಡೊಳ್ಳು ಕಟ್ಟಿಕೊಳ್ಳುವನೆಂದು ಯಾವ ನಂಬಿಕೆಯಿಂದ ಹೇಳೋಣ? 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಎಂದು ಗೆರೆ ಎಳೆದಿವೆ. ಕಪಿಲೇಶ್ವರ ಹೊಂಡದ ಹಾದಿಯಲ್ಲಿ ಆ ಗೆರೆ ಯಾರಿಗೂ ಕಾಣದು.

ರೀಮಿಕ್ಸ್ ಮಾಡುವ ನನ್ನ ವಿದ್ಯಾರ್ಥಿಗಳೇ, ನಾಲ್ಕರ ನಡೆಗೆ ನಾಲ್ಕರ ಹಾಡನ್ನೇ ಹೊಸದಾಗಿ ಕಟ್ಟಿ. ಏಳರ ಪದವನ್ನು ಮುಟ್ಟುವುದಾದರೆ ನಿಮ್ಮ ತಂತ್ರಾಂಶದಲ್ಲಿ ಏಳರ ತಾಳವನ್ನು ಆರಿಸಿಕೊಳ್ಳಲು ಅವಕಾಶವಿದೆ. ಮೂರಕ್ಕೊಂದು, ನಾಲ್ಕಕ್ಕೊಂದು ಪೆಟ್ಟು ಇಟ್ಟು ನೋಡಿ. ಬರುವ ಚೌತಿಗೆ ಅಂಥದೊಂದನ್ನು ರಾತ್ರಿ ಹತ್ತರೊಳಗೆ ನುಡಿಸಿದರೆ ಕೇಳಲು ನಾನೂ ಬರುತ್ತೇನೆ.