ಛಾಪಾಕಾಗದದ ಬಿಡುಗಡೆ ಬಿಡುಗಡೆಯಲ್ಲ

ಮನೆಯ ಮಾತು ಬೀದಿಗೆ ಬರಬಾರದೆಂಬದು ನಮ್ಮ ಜನರಲ್ಲಿ ಬಹುಕಾಲದಿಂದ ಬೇರೂರಿದ ಭಾವನೆಯಾಗಿದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕವೆಂದು ಹಿರಿಯರು ಆಡಿದ ಮಾತು ಸುಳ್ಳಲ್ಲ. ಎಷ್ಟೋ ಸಂಸಾರಗಳು ಆ ಮಾತಿನ ಬಲದಿಂದಲೇ ಉಳಿದುಕೊಂಡಿವೆ. ಆದರೆ ಉಂಡು ಮಲಗಿದರೂ ತೀರದ ಜಗಳಗಳುಂಟು. ಉಣ್ಣಲಿಕ್ಕೇ ಇಕ್ಕದ ಮನೆಗಳೂ ಉಂಟು. ಅಂಥ ಸಂಸಾರವು ಇನ್ನು ಕೂಡುವದಿಲ್ಲವೆಂದು ಕಂಡಾಗ ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಏನು ಮಾಡುತ್ತಾರೆ? ಎರಡೂ ಕಡೆಯ ಹಿರಿಯರು ಕೂಡುತ್ತಾರೆ, ಛಾಪಾಕಾಗದವನ್ನು ತರಿಸುತ್ತಾರೆ, ಇಂದಿನಿಂದ ನಮ್ಮಿಬ್ಬರಿಗೆ ಸಂಬಂಧವಿಲ್ಲವೆಂದು ಬರೆಯಿಸಿ, ನಾಲ್ವರ ಸಾಕ್ಷಿ ಹಾಕಿಸಿ, ನೋಟರಿಯ ಮುದ್ರೆ ಒತ್ತಿಸಿಕೊಂಡು ಮನೆಗೆ ತೆರಳುತ್ತಾರೆ. ಹೆಣ್ಣಿನ ಕಡೆಯವರು ಆ ಕಾಗದವನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟು, ನಮ್ಮ ಮಗಳಿಗೆ ಬಿಡುಗಡೆಯಾಯಿತೆಂದು ನಿಟ್ಟುಸಿರು ಬಿಡುತ್ತಾರೆ.

ಆ ಬಿಡುಗಡೆಯು ಬಿಡುಗಡೆಯೇ ಅಲ್ಲವೆಂಬದನ್ನು ನಮ್ಮ ವಾಚಕರ ಮುಂದಿಡುವದೇ ಈ ವಾರದ ಲೇಖನದ ಉದ್ದೇಶ.

ಹಿಂದೂ ವಿವಾಹ ಕಾಯದೆಯು ೧೯೫೫ನೆಯ ಇಸವಿಯ ಮೇ ೧೮ನೆಯ ತಾರೀಖಿನಿಂದ ಜಾರಿಯಲ್ಲಿದೆ. ಆ ಕಾಯದೆಯ ಮೇರೆಗೆ ಆದ ಲಗ್ನವನ್ನು ಬಿಡಿಸುವ ಅಧಿಕಾರವು ಕೋರ್ಟಿಗುಂಟು. ಛಾಪಾಕಾಗದಕ್ಕಾಗಲಿ, ಅದನ್ನು ಬರೆದ ವಕೀಲನಿಗಾಗಲಿ, ಮುದ್ರೆಯೊತ್ತಿದ ನೋಟರಿಗಾಗಲಿ ಆ ಅಧಿಕಾರವಿಲ್ಲ. ಹೀಗಿರಲು ಅಂಥ ಕಾಗದವನ್ನೇ ನಂಬಿ ಗಂಡಸಾಗಲಿ ಹೆಂಗಸಾಗಲಿ ಎರಡನೆಯ ಲಗ್ನ ಮಾಡಿಕೊಂಡರೆ, ಮೊದಲನೆಯ ಸಂಬಂಧವು ಕಾಯದೆಯ ದೃಷ್ಟಿಯಲ್ಲಿ ಜೀವಂತವಾಗಿರುವದರಿಂದ, ಎರಡನೆಯದು ಹುಟ್ಟಿನಿಂದಲೇ ಅಸಿಂಧುವಾಗುವದು. ಅಷ್ಟೇ ಅಲ್ಲ, ಗಂಡ ಅಥವಾ ಹೆಂಡತಿ ಬದುಕಿರುವಾಗ ಮರುಲಗ್ನವಾಗುವದು ಭಾರತೀಯ ನ್ಯಾಯ ಸಂಹಿತೆಯ ೮೨ನೆಯ ಕಲಮಿನಂತೆ ಏಳು ವರ್ಷಗಳ ತನಕ ಸೆರೆಮನೆಯ ಶಿಕ್ಷೆಗೆ ಗುರಿಯಾದ ಅಪರಾಧವು. ಹತ್ತು ಹದಿನೈದು ವರ್ಷ ಸುಖವಾಗಿ ಸಂಸಾರ ಮಾಡಿದ ಮೇಲೆ, ಗಂಡನು ತೀರಿಕೊಂಡು ಪಿಂಚಣಿಯ ಮಾತೋ ಆಸ್ತಿಯ ಮಾತೋ ಎದ್ದಾಗ, ತಾನು ಕಾಯದೆಯಂತೆ ಅವನ ಹೆಂಡತಿಯೇ ಅಲ್ಲವೆಂದು ತಿಳಿಯುವ ಹೆಂಗಸಿನ ಗತಿಯನ್ನು ವಾಚಕರು ಕ್ಷಣಕಾಲ ಊಹಿಸಿಕೊಳ್ಳಲಿ. ಮಕ್ಕಳ ವಿಷಯದಲ್ಲಿ ಕಾಯದೆಯು ಕನಿಕರವನ್ನು ತೋರಿಸಿದೆ. ಅಂಥ ಲಗ್ನದಲ್ಲಿ ಹುಟ್ಟಿದ ಮಕ್ಕಳು ಔರಸರೆಂದೇ ಎಣಿಕೆಯಾಗುವರು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತಂದೆಗೆ ಬರತಕ್ಕ ಪಾಲಿನಲ್ಲಿ ಅವರಿಗೂ ಹಕ್ಕುಂಟೆಂದು ಸರ್ವೋಚ್ಚ ನ್ಯಾಯಾಲಯವು ೨೦೨೩ನೆಯ ಸಪ್ಟಂಬರ ೧ರಂದು, ನಮ್ಮ ಕರ್ನಾಟಕದಿಂದಲೇ ಹೋದ ಒಂದು ವ್ಯಾಜ್ಯದಲ್ಲಿ, ತೀರ್ಮಾನಿಸಿದೆ. ಆದರೆ ತಾಯಿಗೆ ಹೆಂಡತಿಯೆಂಬ ಹಕ್ಕು ಅದರಿಂದ ಬರುವದಿಲ್ಲ.

ಇಲ್ಲಿ ಒಂದು ಆಕ್ಷೇಪವು ಏಳುವದು. ಸೋಡಚೀಟಿ ಬರೆದುಕೊಡುವದು, ಬಿಡುಗಡೆಯಾದವಳು ಉಡಿಕೆಯಾಗುವದು, ಇವೆಲ್ಲ ನಮ್ಮ ಅನೇಕ ಜಾತಿಗಳಲ್ಲಿ ಪೂರ್ವದಿಂದ ನಡೆದು ಬಂದ ರೂಢಿಗಳಲ್ಲವೇ? ಅಹುದು. ಆ ರೂಢಿಗಳನ್ನು ನಾವು ಹಳಿಯುವವರಲ್ಲ. ಮೇಲ್ಜಾತಿಯ ಶಾಸ್ತ್ರವು ಹೆಣ್ಣಿಗೆ ಬಾಗಿಲನ್ನೇ ಮುಚ್ಚಿದ್ದ ಕಾಲದಲ್ಲಿ ದುಡಿಯುವ ಜನರ ರೂಢಿಯು ಆಕೆಗೆ ಹೊರಬರುವ ದಾರಿಯನ್ನು ಇಟ್ಟಿತ್ತು. ೧೯೫೫ರ ಕಾಯದೆಯೂ ತನ್ನ ೨೯ನೆಯ ಕಲಮಿನಲ್ಲಿ ಆ ರೂಢಿಯ ಹಕ್ಕನ್ನು ಉಳಿಸಿಕೊಂಡಿದೆ. ಆದರೆ ರೂಢಿಯುಂಟೆಂದು ಬಾಯಿಂದ ಹೇಳಿದರೆ ಸಾಲದು. ಅದು ಆ ಜಾತಿಯಲ್ಲಿ ಬಹುಕಾಲದಿಂದ, ಎಡೆಬಿಡದೆ, ಒಂದೇ ರೀತಿಯಾಗಿ ನಡೆದು ಬಂದದ್ದೆಂದು, ಹಾಗೆ ಹೇಳುವವನೇ ಕೋರ್ಟಿನಲ್ಲಿ ಸಾಕ್ಷಿ ಪುರಾವೆಗಳಿಂದ ಸಿದ್ಧಪಡಿಸಬೇಕು. ಹಾಗೆ ಸಿದ್ಧವಾಗದ ರೂಢಿಯ ಮೇಲೆ ಬರೆದ ವಿಚ್ಛೇದನಪತ್ರಕ್ಕೆ ಬೆಲೆಯಿಲ್ಲವೆಂಬ ತತ್ವವನ್ನು ಸರ್ವೋಚ್ಚ ನ್ಯಾಯಾಲಯವು ೨೦೦೨ರಲ್ಲಿ ಸ್ಪಷ್ಟಪಡಿಸಿದೆ. ಇಪ್ಪತ್ತು ವರ್ಷಗಳ ಮೇಲೆ, ಸಾಕ್ಷಿ ಹಾಕಿದ ಹಿರಿಯರು ಕಾಲವಾದ ಮೇಲೆ, ಅದನ್ನು ಸಿದ್ಧಪಡಿಸುವವರು ಯಾರು?

ಕನ್ನಡಿಗರಿಗಂತೂ ಈ ಕಾಯದೆಯ ಬೆಲೆಯು ಬೇರೆಯವರಿಗಿಂತ ಚೆನ್ನಾಗಿ ತಿಳಿದಿರಬೇಕು. ನಮ್ಮ ನಾಡು ಐದು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ದಿನಗಳಲ್ಲಿ ಲಗ್ನದ ಕಾಯದೆಯೂ ಹಾಗೆಯೇ ಹರಿದುಹೋಗಿತ್ತು. ಮುಂಬಯಿ ಇಲಾಖೆಯು ಹಿಂದೂಗಳ ವಿಚ್ಛೇದನಕ್ಕಾಗಿ ೧೯೪೭ರಲ್ಲಿ ಕಾಯದೆ ಮಾಡಿತು. ಮದ್ರಾಸು ಇಲಾಖೆಯು ೧೯೪೯ರಲ್ಲಿ ಮಾಡಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳ ಹೆಣ್ಣಿಗೆ ಒಂದು ಕಾಯದೆ, ಬಳ್ಳಾರಿ ಮಂಗಳೂರುಗಳ ಹೆಣ್ಣಿಗೆ ಇನ್ನೊಂದು. ತುಂಗಭದ್ರೆಯನ್ನು ದಾಟಿ ಮೈಸೂರು ಸಂಸ್ಥಾನದ ಹರಿಹರಕ್ಕೆ ಬಂದರೆ ಆ ಎರಡೂ ನಡೆಯುತ್ತಿರಲಿಲ್ಲ. ನದಿಯ ಎರಡು ದಡಗಳಲ್ಲಿ ಒಂದೇ ನುಡಿ, ಒಂದೇ ಉಡಿಗೆ, ಬೀಗತನವೂ ಒಂದೇ. ನ್ಯಾಯ ಮಾತ್ರ ಬೇರೆ! ಇಡಿಯ ದೇಶಕ್ಕೆ ಒಂದು ಹಿಂದೂ ಕಾಯದೆಯ ಕರಡನ್ನು ಸಿದ್ಧಪಡಿಸಲು ೧೯೪೧ರಲ್ಲಿ ನೇಮಕವಾದ ಸಮಿತಿಯ ಅಧ್ಯಕ್ಷರು ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗರಾಯರೆಂಬದು ನಮಗೆ ಅಭಿಮಾನದ ಸಂಗತಿಯು. ಆ ಕೆಲಸವನ್ನು ಮುಂದಕ್ಕೆ ಒಯ್ದ ಡಾಕ್ಟರ ಅಂಬೇಡಕರರು, ಮಸೂದೆಯು ಹಿಂದೆ ಬಿದ್ದಾಗ, ೧೯೫೧ರಲ್ಲಿ ಮಂತ್ರಿಪದವಿಯನ್ನೇ ಬಿಟ್ಟರು. ಕಡೆಗೆ ೧೯೫೫ರಲ್ಲಿ ಕಾಯದೆಯು ಒಂದಾಯಿತು. ೧೯೫೬ರ ನವಂಬರ ೧ರಂದು ನಾಡು ಒಂದಾಯಿತು. ವೀರಶೈವ, ಲಿಂಗಾಯತರೆಂಬ ಹೆಸರುಗಳನ್ನು ಎತ್ತಿ ಹೇಳಿ, ಜೈನ ಬೌದ್ಧ ಸಿಖ್ಖರನ್ನೂ ಸೇರಿಸಿಕೊಂಡು, ಈ ಕಾಯದೆಯು ಅವರೆಲ್ಲರಿಗೆ ಅನ್ವಯಿಸುವದು.

ಇನ್ನು ಕಾಯದೆಯ ದಾರಿ ಯಾವದು? ಲಗ್ನವಾಗಿ ಒಂದು ವರ್ಷ ಕಳೆಯುವ ಮುಂಚೆ, ಅಸಾಧಾರಣವಾದ ಕಷ್ಟವಿದ್ದ ಹೊರತು, ವಿಚ್ಛೇದನದ ಅರ್ಜಿಯನ್ನು ಕೋರ್ಟು ತೆಗೆದುಕೊಳ್ಳುವದಿಲ್ಲ. ಅನಂತರ ಒಬ್ಬರೇ ಅರ್ಜಿ ಕೊಡುವದಾದರೆ ಕಾರಣವನ್ನು ತೋರಿಸಬೇಕು. ವ್ಯಭಿಚಾರ, ದೇಹಕ್ಕಾಗಲಿ ಮನಸ್ಸಿಗಾಗಲಿ ಕೊಟ್ಟ ಕ್ರೂರ ಹಿಂಸೆ, ಎರಡು ವರ್ಷ ಬಿಟ್ಟುಹೋಗಿರುವದು, ಮತಾಂತರ, ಕೂಡಿ ಬಾಳಲಾಗದಂಥ ಚಿತ್ತವಿಕಾರ, ಅಂಟುವ ಗುಹ್ಯರೋಗ, ಸನ್ಯಾಸ, ಏಳು ವರ್ಷ ಸುದ್ದಿಯೇ ಇಲ್ಲದಿರುವದು, ಇವು ಮುಖ್ಯ ಕಾರಣಗಳು. ಕುಷ್ಠರೋಗವೂ ಮೊದಲು ಈ ಪಟ್ಟಿಯಲ್ಲಿತ್ತು. ೨೦೧೯ರಲ್ಲಿ ಅದನ್ನು ತೆಗೆದುಹಾಕಿದ್ದು ಯೋಗ್ಯವೇ ಆಯಿತು. ಹೆಣ್ಣಿಗೆ ಇನ್ನೊಂದು ವಿಶೇಷ ಹಕ್ಕುಂಟು. ಹದಿನೈದು ತುಂಬುವ ಮೊದಲೇ ಲಗ್ನ ಮಾಡಲ್ಪಟ್ಟವಳು, ಹದಿನೈದು ತುಂಬಿದ ಮೇಲೆ ಹದಿನೆಂಟರ ಒಳಗೆ ಆ ಲಗ್ನವನ್ನು ತಿರಸ್ಕರಿಸಿದರೆ, ಅದೇ ವಿಚ್ಛೇದನಕ್ಕೆ ಸಾಕಾದ ಕಾರಣವು. ಕನ್ಯಾಶಾಲೆಯ ಶಿಕ್ಷಕರು ಇದನ್ನು ಮರೆಯಬಾರದು.

ಅರ್ಜಿಯನ್ನು ಎಲ್ಲಿ ಕೊಡತಕ್ಕದ್ದು? ಲಗ್ನವಾದ ಊರು, ಎದುರುಪಕ್ಷದವರು ಇರುವ ಊರು, ಇಬ್ಬರೂ ಕೊನೆಗೆ ಕೂಡಿ ಬಾಳಿದ ಊರು, ಇವುಗಳಲ್ಲಿ ಯಾವದರ ಮೇಲೆ ಅಧಿಕಾರವುಳ್ಳ ಕೋರ್ಟಾದರೂ ಆಗಬಹುದು. ಹೆಂಡತಿಯು ತಾನು ಈಗ ವಾಸವಾಗಿರುವಲ್ಲಿಯೇ ಅರ್ಜಿ ಕೊಡಬಹುದೆಂದು ೨೦೦೩ರಲ್ಲಿ ಕಾಯದೆಯನ್ನು ತಿದ್ದಿದ್ದಾರೆ. ತವರಿಗೆ ಬಂದು ಕುಳಿತವಳು ದೂರದ ಊರಿಗೆ ಅಲೆಯಬೇಕಾದ ಪ್ರಮೇಯವಿಲ್ಲ. ೧೯೮೪ರ ಕಾಯದೆಯ ಮೇರೆಗೆ ಸ್ಥಾಪಿತವಾದ ಕುಟುಂಬ ನ್ಯಾಯಾಲಯವಿದ್ದಲ್ಲಿ ವಿಚಾರಣೆಯು ಅಲ್ಲಿಯೇ ನಡೆಯುವದು. ಆ ನ್ಯಾಯಾಲಯವು ಮೊದಲು ಇಬ್ಬರನ್ನೂ ಕೂಡಿಸಲು ಪ್ರಯತ್ನಿಸಬೇಕೆಂಬದು ಕಾಯದೆಯ ಕಟ್ಟಳೆ. ಕೋರ್ಟು ಮನೆ ಮುರಿಯುವದೆಂದು ಹೇಳುವವರು ಇದನ್ನು ಗಮನಿಸಲಿ. ಇನ್ನು ಮನೆಯ ಮಾತು ಬೀದಿಗೆ ಬರುವದೆಂಬ ಅಂಜಿಕೆಗೂ ಆಸ್ಪದವಿಲ್ಲ. ೨೨ನೆಯ ಕಲಮಿನಂತೆ ಈ ವಿಚಾರಣೆಯು ಬಾಗಿಲು ಮುಚ್ಚಿದ ಕೋಣೆಯಲ್ಲಿ ನಡೆಯತಕ್ಕದ್ದು. ಅದನ್ನು ಪತ್ರಿಕೆಯವರಾದ ನಾವು ಸಹ ಅಚ್ಚು ಹಾಕಕೂಡದು. ಅಗಸೆಯ ಕಟ್ಟೆಯ ಮೇಲೆ ಹತ್ತು ಮಂದಿಯ ಎದುರಿಗೆ ನಡೆಯುವ ಪಂಚಾಯತಿಗಿಂತ ಇಲ್ಲಿಯೇ ಮಾನವು ಹೆಚ್ಚು ಉಳಿಯುವದೆಂದು ನಮ್ಮ ಅಭಿಪ್ರಾಯ.

ಇಬ್ಬರೂ ಒಪ್ಪಿ ಬೇರೆಯಾಗುವ ದಾರಿಯು ೧೯೭೬ರ ತಿದ್ದುಪಡಿಯಿಂದ ತೆರೆಯಿತು. ಒಂದು ವರ್ಷವಾದರೂ ಬೇರೆಯಾಗಿ ಬಾಳಿದ ದಂಪತಿಗಳು ಜಂಟಿಯಾಗಿ ಅರ್ಜಿ ಕೊಡಬೇಕು. ಆರು ತಿಂಗಳ ಮೇಲೆ, ಹದಿನೆಂಟು ತಿಂಗಳ ಒಳಗೆ, ಮತ್ತೆ ಇಬ್ಬರೂ ಕೋರ್ಟಿನ ಮುಂದೆ ಬಂದು ಅದೇ ಮಾತನ್ನು ಹೇಳಬೇಕು. ಒಪ್ಪಿಗೆಯು ಬಲಾತ್ಕಾರದ್ದಲ್ಲವೆಂದು ಮನದಟ್ಟಾದ ಮೇಲೆ ಡಿಕ್ರಿಯಾಗುವದು. ಡಿಕ್ರಿಯಾಗುವ ತನಕ ಒಪ್ಪಿಗೆಯನ್ನು ಹಿಂದೆಗೆದುಕೊಳ್ಳುವ ಸ್ವಾತಂತ್ರ್ಯವು ಇಬ್ಬರಿಗೂ ಉಂಟು. ಪೋಟಗಿ, ಮಕ್ಕಳು, ಒಡವೆಗಳ ಮಾತೆಲ್ಲ ತೀರಿ, ಕೂಡುವ ಆಸೆಯೇ ಉಳಿಯದಿದ್ದಲ್ಲಿ ಆರು ತಿಂಗಳ ಅವಧಿಯನ್ನು ಕೋರ್ಟು ಬಿಟ್ಟುಕೊಡಬಹುದೆಂದು ೨೦೧೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದೆ. ಸಂಸಾರವು ಪೂರ್ಣವಾಗಿ ಮುರಿದುಬಿದ್ದಿದೆಯೆಂಬ ಒಂದೇ ಕಾರಣದಿಂದ ಲಗ್ನವನ್ನು ಬಿಡಿಸುವ ಅಧಿಕಾರವು ತನಗುಂಟೆಂದು ಆ ನ್ಯಾಯಾಲಯವು ೨೦೨೩ರ ಮೇ ೧ರಂದು ತೀರ್ಪು ಕೊಟ್ಟಿತು. ಆ ಅಧಿಕಾರವು ಕೆಳಗಿನ ಕೋರ್ಟುಗಳಿಗಿಲ್ಲ.

ನಮ್ಮ ಹಿರಿಯರಿಗೆ ನಾವು ಬಿನ್ನವಿಸುವದು ಇಲ್ಲಿಯೇ. ಅವರು ಕೂಡಲಿ, ಮಾತಾಡಲಿ, ಒಡವೆ ವಸ್ತ್ರಗಳನ್ನು ತಿರುಗಿ ಕೊಡಿಸಲಿ, ಮಕ್ಕಳು ಯಾರಲ್ಲಿರಬೇಕೆಂದು ಗೊತ್ತುಮಾಡಲಿ. ಆದರೆ ಆ ಒಪ್ಪಂದವನ್ನು ಪೆಟ್ಟಿಗೆಯಲ್ಲಿಡದೆ ಜಂಟಿ ಅರ್ಜಿಯ ಷರತ್ತುಗಳಾಗಿ ಕೋರ್ಟಿಗೆ ಒಯ್ಯಲಿ. ಆಗ ಹಿರಿಯರ ಮಾತೂ ಉಳಿಯುವದು, ಆ ಮಾತಿಗೆ ಡಿಕ್ರಿಯ ಬಲವೂ ಬರುವದು. ಡಿಕ್ರಿಯಾದ ಮೇಲೂ ಅಪೀಲಿನ ಅವಧಿಯು ತೀರುವ ತನಕ ಮರುಲಗ್ನದ ಮಾತೆತ್ತಬಾರದು.

ಅನ್ನದ ಪ್ರಶ್ನೆಯೂ ಇದೆ. ದಾವೆಯು ನಡೆದಿರುವಾಗಲೇ ಪೋಟಗಿಯನ್ನೂ ದಾವೆಯ ಖರ್ಚನ್ನೂ ಕೇಳಬಹುದು. ತೀರ್ಪಿನ ಹೊತ್ತಿಗೆ ಕಾಯಂ ಜೀವನಾಂಶವನ್ನು ಕೇಳಬಹುದು. ವಿಚ್ಛೇದನವೇ ಬೇಡವೆನ್ನುವ ಹೆಂಡತಿಯೂ ತನ್ನ ಹೊಟ್ಟೆಗಾಗಿ ಮ್ಯಾಜಿಸ್ಟ್ರೇಟರ ಕೋರ್ಟಿಗೆ ಅಥವಾ ಕುಟುಂಬ ನ್ಯಾಯಾಲಯಕ್ಕೆ ಅರ್ಜಿ ಕೊಡಬಹುದು. ಮತಭೇದವಿಲ್ಲದೆ ಎಲ್ಲ ಹೆಂಡಿರಿಗೂ ಇರುವ ಈ ಹಕ್ಕು ೨೦೨೪ರ ಜುಲೈ ೧ರಿಂದ ನಾಗರಿಕ ಸುರಕ್ಷಾ ಸಂಹಿತೆಯ ೧೪೪ನೆಯ ಕಲಮಿನಲ್ಲಿದೆ. ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳನ್ನು ಪ್ರಮಾಣಪೂರ್ವಕವಾಗಿ ಬರೆದುಕೊಡಬೇಕೆಂದೂ, ಪೋಟಗಿಯನ್ನು ಅರ್ಜಿಯ ದಿನದಿಂದಲೇ ಲೆಕ್ಕ ಹಿಡಿಯಬೇಕೆಂದೂ ಸರ್ವೋಚ್ಚ ನ್ಯಾಯಾಲಯವು ೨೦೨೦ರಲ್ಲಿ ನಿಯಮಿಸಿದೆ. ಮಕ್ಕಳ ವಿಷಯದಲ್ಲಿ ಕೋರ್ಟು ನೋಡುವದು ಮಗುವಿನ ಹಿತವನ್ನೇ. ವಕೀಲರಿಗೆ ಕೊಡಲು ಹಣವಿಲ್ಲದ ಹೆಂಗಸರು ತಾಲೂಕಿನ ಕಾನೂನು ಸೇವಾ ಸಮಿತಿಗೆ ಹೋಗಲಿ. ೧೯೮೭ರ ಕಾಯದೆಯಂತೆ ಹೆಂಗಸರಿಗೂ ಮಕ್ಕಳಿಗೂ ಆದಾಯವನ್ನು ಕೇಳದೆಯೇ ಪುಕ್ಕಟೆ ನೆರವು ದೊರೆಯತಕ್ಕದ್ದು.

ಮುಸಲ್ಮಾನ ಸೋದರಿಯರಿಗೆ ೧೯೩೯ರ ಕಾಯದೆಯೂ ಕ್ರೈಸ್ತರಿಗೆ ೨೦೦೧ರಲ್ಲಿ ತಿದ್ದಿದ ೧೮೬೯ರ ಕಾಯದೆಯೂ ಕೋರ್ಟಿನ ದಾರಿಯನ್ನು ತೋರಿಸಿವೆ. ಒಂದೇ ಉಸಿರಿನಲ್ಲಿ ಮೂರು ಸಲ ಹೇಳುವ ತಲಾಕು ೨೦೧೭ರಲ್ಲಿ ಅಸಿಂಧುವಾಯಿತು; ೨೦೧೯ರಿಂದ ಅದು ಅಪರಾಧವೂ ಆಗಿದೆ. ಮತವು ಯಾವದಿದ್ದರೂ, ಬರಿಯ ಛಾಪಾಕಾಗದವನ್ನು ನಂಬಬೇಡಿರೆಂಬ ನಮ್ಮ ಮಾತು ಎಲ್ಲರಿಗೂ ಸಲ್ಲುವದು.

ಕೋರ್ಟಿನ ದಾರಿಯು ಸುಗಮವೆಂದು ನಾವು ಹೇಳುತ್ತಿಲ್ಲ. ತಾರೀಖಿನ ಮೇಲೆ ತಾರೀಖು ಬಿದ್ದು ಹರೆಯವೇ ಕಳೆದುಹೋದ ಸಂಗತಿಗಳು ನಮಗೆ ತಿಳಿಯದವಲ್ಲ. ಜನರನ್ನು ಛಾಪಾಕಾಗದದ ಕಡೆಗೆ ದೂಡುತ್ತಿರುವದು ಈ ವಿಳಂಬವೇ ಆಗಿದೆ. ಅದನ್ನು ತಗ್ಗಿಸುವದು ಸರಕಾರದ ಹೊಣೆ. ಎರಡನೆಯ ಅಡ್ಡಿಯು ನುಡಿಯದು. ಒಪ್ಪಂದದ ಷರತ್ತುಗಳು ಇಂಗ್ಲೀಷಿನಲ್ಲಿದ್ದು, ತೋರಿಸಿದಲ್ಲಿ ಸಹಿ ಹಾಕಿ ಬರುವ ಕನ್ನಡ ಹೆಂಗಸಿಗೆ ತಾನು ಏನನ್ನು ಪಡೆದೆ, ಏನನ್ನು ಬಿಟ್ಟುಕೊಟ್ಟೆ ಎಂಬದೇ ತಿಳಿಯದಿದ್ದರೆ, ಅದನ್ನು ಒಪ್ಪಿಗೆಯೆಂದು ಹೇಗೆ ಕರೆಯೋಣ? ಕನ್ನಡದಲ್ಲಿ ಓದಿಸಿ ಕೇಳದೆ ಯಾರೂ ಸಹಿ ಹಾಕಬಾರದು. ಕನ್ನಡ ನಾಡಿನ ಕುಟುಂಬ ನ್ಯಾಯಾಲಯಗಳು ಪ್ರತಿಯೊಂದು ಡಿಕ್ರಿಯ ಸಾರವನ್ನು ಕನ್ನಡದಲ್ಲಿ ಪಕ್ಷಗಾರರ ಕೈಗೆ ಕೊಡಬೇಕು. ನಾಡು ಒಂದಾದುದರ ಫಲವು ಇಂಥಲ್ಲಿ ಕಾಣದಿದ್ದರೆ ಮತ್ತೆಲ್ಲಿ ಕಂಡೀತು?

ಊರಿನಲ್ಲಿ ಓದು ಬರಹ ಬಲ್ಲವರ ಕಡೆಗೇ ಜನರು ಇಂಥ ಕಾಗದಗಳನ್ನು ತರುವರು. ಶಾಲೆಯ ಮಾಸ್ತರರೇ, ಪೇಟೆಯ ಸದ್ಗೃಹಸ್ಥರೇ, ನಾಳೆ ನಿಮ್ಮ ಜಗಲಿಗೆ ಒಬ್ಬ ತಂದೆಯು ಛಾಪಾಕಾಗದವನ್ನು ಹಿಡಿದು ಬಂದು, ಸಾಕ್ಷಿ ಹಾಕಿರೆಂದು ಬೇಡಬಹುದು. ಲೇಖನಿಯನ್ನು ಎತ್ತುವ ಮೊದಲು ಅವನನ್ನು ಕೂಡ್ರಿಸಿ, ಈ ಕಾಗದದಿಂದ ನಿನ್ನ ಮಗಳಿಗೆ ಬಿಡುಗಡೆಯಾಗುವದಿಲ್ಲವೆಂದು ತಿಳಿಹೇಳಿರಿ. ಕಾನೂನು ಸೇವಾ ಸಮಿತಿಯ ದಾರಿಯನ್ನು ತೋರಿಸಿರಿ. ಸಾಧ್ಯವಾದರೆ ಒಂದು ದಿನದ ರಜೆ ಹಾಕಿ ಅವನ ಸಂಗಡ ಅಲ್ಲಿಯ ತನಕ ಹೋಗಿ ಬನ್ನಿರಿ.